ಮೈದಾನ ಬದಲಾದರೂ ನಾನೂರು ಮೀಟರು ನಾನೂರೇ

ಆಗಸ್ಟ್ ತಿಂಗಳು ಬಂತೆಂದರೆ ಹಳ್ಳಿಯ ಶಾಲೆಗಳಲ್ಲಿ ಸುಣ್ಣದ ಪುಡಿಗೆ ಬೇಡಿಕೆ. ಮೊದಲು ಹೋಬಳಿ ಮಟ್ಟದ ಕ್ರೀಡಾಕೂಟ. ಅಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಮಳೆ ಬರುವುದೂ ಅದೇ ಹೊತ್ತಿಗೆ. ರಾತ್ರಿ ಎಳೆದ ಗೆರೆ ಬೆಳಗಾಗುವುದರೊಳಗೆ ತೊಳೆದು ಹೋಗಿರುತ್ತದೆ. ಇದು ಗೊತ್ತಿದ್ದರೂ ನಾವು ಮೇಷ್ಟ್ರುಗಳು ಪ್ರತಿ ವರ್ಷ ಮಳೆಯೇ ಬರುವುದಿಲ್ಲ ಎಂಬಂತೆ ವೇಳಾಪಟ್ಟಿ ಬರೆಯುತ್ತೇವೆ.

2022ರ ಆಗಸ್ಟ್‌ನಲ್ಲಿ ನಾನೂ ಹಾಗೆ ಒಂದು ಪಟ್ಟಿ ಬರೆದಿದ್ದೆ. ನನ್ನದು ವಿಜ್ಞಾನ ವಿಷಯ. ಆ ವರ್ಷ ಮಕ್ಕಳನ್ನು ಓಡಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ ಚೆನ್ನಾಗಿ ಓಡುತ್ತಿದ್ದಳು. ಬೆಳಗ್ಗೆ ಆರಕ್ಕೆಲ್ಲ ಕಿರಂಗೂರಿನ ಕಡೆಯ ನಾಲೆ ಏರಿಯ ಮೇಲೆ ಓಟ, ಸಂಜೆ ಶಾಲೆಯ ಮೈದಾನದಲ್ಲಿ ಓಟ. ಅವಳ ಸ್ಪರ್ಧೆ 400 ಮೀಟರ್. ನಮ್ಮ ಮೈದಾನದಲ್ಲಿ ಒಂದು ಸುತ್ತು 200 ಮೀಟರ್ ಆದ್ದರಿಂದ ಎರಡು ಸುತ್ತು ಓಡಬೇಕು. ಮೊದಲನೇ ಸುತ್ತು 36 ಸೆಕೆಂಡು, ಎರಡನೆಯದು 40 ಸೆಕೆಂಡು ಎಂದು ಗ್ರಾಫ್ ಹಾಳೆಯ ಮೇಲೆ ಗೆರೆ ಹಾಕಿ ಕೊಟ್ಟಿದ್ದೆ. ಸ್ಪರ್ಧೆ ಮಧ್ಯಾಹ್ನ ಎರಡಕ್ಕೆ, ಹನ್ನೊಂದಕ್ಕೆ ಎರಡು ಬಾಳೆಹಣ್ಣು, ಒಂದೂವರೆಗೆ ಮೈ ಬಿಸಿ ಮಾಡಿಕೊಳ್ಳುವ ಓಟ. ಅವಳು ಆ ಹಾಳೆಯನ್ನು ಮಡಿಸಿ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಳು.

ಕ್ರೀಡಾಕೂಟದ ಹಿಂದಿನ ರಾತ್ರಿ ಮಳೆ ಸುರಿಯಿತು. ಮೈದಾನ ಕೆರೆಯಾಯಿತು. ಬೆಳಗ್ಗೆ ಕೂಟವನ್ನು ಪಕ್ಕದ ಊರಿನ ದೊಡ್ಡ ಮೈದಾನಕ್ಕೆ ಬದಲಿಸಿದರು. ಮತ್ತೆ ಮಳೆ ಬರುವ ಮುನ್ನ ಮುಗಿಸಬೇಕೆಂದು ಎರಡು ಗಂಟೆಯ ಓಟವನ್ನು ಹತ್ತೂವರೆಗೆ ತಂದರು. ಹೋಗಿ ನೋಡಿದರೆ ಅಲ್ಲಿ ಒಂದು ಸುತ್ತೇ 400 ಮೀಟರ್. ಓಟಗಾರರನ್ನು ಒಂದೇ ಗೆರೆಯಲ್ಲಿ ನಿಲ್ಲಿಸದೆ ಒಬ್ಬರಿಗಿಂತ ಒಬ್ಬರನ್ನು ಮುಂದೆ ನಿಲ್ಲಿಸುತ್ತಿದ್ದರು. ನಮ್ಮ ಹುಡುಗಿಗೆ ಒಳಗಿನ ಲೇನು ಬಂತು. ಉಳಿದವರೆಲ್ಲ ತನಗಿಂತ ಮುಂದೆ ನಿಂತದ್ದು ನೋಡಿ ಅವಳ ಮುಖ ಬಿಳಿಚಿಕೊಂಡಿತು.

“ಸಾರ್, ನಾನು ತಿಂಡೀನೂ ಸರಿಯಾಗಿ ತಿಂದಿಲ್ಲ. ಅವರೆಲ್ಲ ಮುಂದೆ ನಿಂತವ್ರೆ. ನಾ ಓಡಕ್ಕಿಲ್ಲ ಸಾರ್.”

ಆಗ ನಾನು ಮಾಡಬೇಕಾಗಿದ್ದ ಕೆಲಸ ಒಂದೇ. ಅವಳ ಪಕ್ಕದಲ್ಲಿ ಕೂತು ಎರಡು ನಿಮಿಷ ಮಾತಾಡುವುದು. ನಾನು ಮಾಡಿದ್ದು ಬೇರೆ. ಕೈಯಲ್ಲಿ ಹಳೆಯ ವೇಳಾಪಟ್ಟಿ ಹಿಡಿದುಕೊಂಡು ಸಂಘಟಕರ ಮೇಜಿನ ಮುಂದೆ ಅರ್ಧ ಗಂಟೆ ವಾದ ಮಾಡಿದೆ. “ಎರಡು ಗಂಟೆ ಎಂದು ನೀವೇ ಬರೆದಿದ್ದೀರಿ” ಎಂದು ಕಾಗದ ತೋರಿಸಿದೆ. ನನ್ನ ವಾದ ಮುಗಿಯುವ ಹೊತ್ತಿಗೆ ಮೂರು ಸಲ ಹೆಸರು ಕೂಗಿ ಆಗಿತ್ತು, ಸೀಟಿ ಊದಿ ಆಗಿತ್ತು. ಹುಡುಗಿ ಗೇಟಿನ ಬಳಿ ಅಳುತ್ತ ನಿಂತಿದ್ದಳು.

ಅಪ್ಪ ಹೇಳಿದ ಮಾತು

ಸಂಜೆ ಅವಳ ಮನೆಗೆ ಹೋದೆ. ಅವಳ ಅಪ್ಪ ಬೇಸಾಯಗಾರ. ನಾನು ಮಳೆಯನ್ನೂ ಸಂಘಟಕರನ್ನೂ ಬೈದೆ. ಆತ ಎಲ್ಲ ಕೇಳಿಸಿಕೊಂಡು, ಕಾಫಿ ಲೋಟ ಕೈಗಿಟ್ಟು ಹೇಳಿದ:

“ಅಲ್ಲಾ ಮೇಷ್ಟ್ರೇ, ಕನ್ನಂಬಾಡಿ ತುಂಬ್ನಿಲ್ಲ ಅಂದ್ ವರ್ಸ ನಾವೇನ್ ಜಮೀನು ಬೀಳು ಬುಟ್ಟೀವಾ? ಭತ್ತ ಆಗ್ದಿದ್ರೆ ರಾಗಿ ಹಾಕ್ತೀವಿ. ಅದೂ ಆಗ್ದಿದ್ರೆ ಹುಳ್ಳಿ ಚೆಲ್ತೀವಿ. ಭೂಮಿ ಅದೇಯ, ಮೈ ಬಗ್ಸಾದೂ ಅದೇಯ. ಬಿತ್ನೆ ಮಾತ್ರ ಬ್ಯಾರೆ.”

ಬಿ.ಎಸ್‌ಸಿ., ಬಿ.ಎಡ್. ಎರಡೂ ಓದಿದ ನನಗೆ ಆ ಮಾತಿನ ಮುಂದೆ ಬಾಯಿ ಬರಲಿಲ್ಲ. ಪ್ರಯೋಗಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳಿಕೊಡುವುದೂ ಇದನ್ನೇ ಅಲ್ಲವೇ? ಯಾವುದು ಬದಲಾಗಿದೆ, ಯಾವುದು ಹಾಗೇ ಇದೆ ಎಂದು ಮೊದಲು ಬೇರೆ ಮಾಡಿ, ಆಮೇಲೆ ಮುಂದಿನ ಹೆಜ್ಜೆ ಇಡಿ ಎನ್ನುತ್ತೇನೆ. ಮೈದಾನದಲ್ಲಿ ಮಾತ್ರ ಆ ಪಾಠ ನನಗೇ ಮರೆತುಹೋಗಿತ್ತು.

ಆ ರಾತ್ರಿ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ನನಗೇ ನಾಚಿಕೆಯಾಯಿತು.

ಮೊದಲನೆಯದು ಸುತ್ತು. 200 ಮೀಟರಿನ ಮೈದಾನದಲ್ಲಿ ಎರಡು ಸುತ್ತು ಓಡಿದರೆ ನಾಲ್ಕು ತಿರುವು. 400 ಮೀಟರಿನ ಮೈದಾನದಲ್ಲಿ ಎರಡೇ ತಿರುವು, ಅದೂ ಅಗಲವಾದ ತಿರುವು. ತಿರುವು ಚಿಕ್ಕದಾದಷ್ಟೂ ಮೈಯನ್ನು ಒಳಕ್ಕೆ ಎಳೆದು ಹಿಡಿಯಲು ಕಾಲಿನ ಬಲ ಹೆಚ್ಚು ಖರ್ಚಾಗುತ್ತದೆ. ಸೈಕಲ್ ತುಳಿಯುವ ಯಾವ ಹುಡುಗನಿಗಾದರೂ ಇದು ಗೊತ್ತು. ಅಂದರೆ ಹೊಸ ಮೈದಾನ ನಮ್ಮ ಹುಡುಗಿಗೆ ಅನುಕೂಲವೇ ಆಗಿತ್ತು!

ಎರಡನೆಯದು ನಿಲ್ಲುವ ಜಾಗ. ಹೊರಗಿನ ಲೇನಿನ ವೃತ್ತ ದೊಡ್ಡದು. ಲೇನಿನ ಅಗಲ 1.22 ಮೀಟರ್ ಆದರೆ ಒಂದು ಪೂರ್ತಿ ಸುತ್ತಿಗೆ ಪ್ರತಿ ಲೇನಿಗೂ ಏಳು, ಏಳೂವರೆ ಮೀಟರ್ ಹೆಚ್ಚಾಗುತ್ತದೆ. ಆ ಹೆಚ್ಚಳವನ್ನು ಕಳೆಯಲೆಂದೇ ಹೊರಗಿನವರನ್ನು ಮುಂದೆ ನಿಲ್ಲಿಸುವುದು. ಮುಂದೆ ನಿಂತವರು ಮುಂದಿರುವವರಲ್ಲ. ವೃತ್ತದ ಪರಿಧಿಯ ಸೂತ್ರ ಬಾಯಿಪಾಠ ಮಾಡಿಸಿದ್ದೆವು, ಅದನ್ನು ಮೈದಾನದಲ್ಲಿ ತೋರಿಸಿರಲಿಲ್ಲ.

ಮೂರನೆಯದು ಊಟ. 400 ಮೀಟರ್ ಓಟಕ್ಕೆ ಬೇಕಾದ ಶಕ್ತಿ ಆ ಹೊತ್ತಿನ ತಿಂಡಿಯಿಂದ ಬರುವುದಿಲ್ಲ. ಹಿಂದಿನ ದಿನಗಳಲ್ಲಿ ಉಂಡ ಮುದ್ದೆ, ಅನ್ನ ಮಾಂಸಖಂಡದಲ್ಲಿ ಗ್ಲೈಕೋಜನ್ ಆಗಿ ಕೂತಿರುತ್ತದೆ. ಒಂದೂಕಾಲು ನಿಮಿಷದ ಓಟಕ್ಕೆ ಅದು ಧಾರಾಳ. ಒಂದು ಬಾಳೆಹಣ್ಣು, ನಾಲ್ಕು ಗುಟುಕು ನೀರು ಸಾಕಾಗಿತ್ತು.

ಹೀಗೆ ಬದಲಾದ ಮೂರು ಸಂಗತಿಗಳಲ್ಲಿ ಒಂದು ಅನುಕೂಲ, ಇನ್ನೊಂದು ಬರೀ ಕಣ್ಣಿನ ಭ್ರಮೆ, ಮತ್ತೊಂದು ಲೆಕ್ಕಕ್ಕೇ ಬಾರದ್ದು. ಬದಲಾಗದೆ ಉಳಿದದ್ದು ಅವಳ ಕಾಲು, ಅವಳ ಉಸಿರು, ಮೂರು ತಿಂಗಳ ಅಭ್ಯಾಸ. ಇಷ್ಟೆಲ್ಲ ಇದ್ದೂ ಅವಳು ಓಡಲಿಲ್ಲ. ಓಡುವುದನ್ನು ಕಲಿಸಿದ್ದ ನಾನು, ಏರ್ಪಾಡು ತಪ್ಪಿದಾಗ ಏನು ಮಾಡಬೇಕೆಂಬುದನ್ನು ಕಲಿಸಿರಲಿಲ್ಲ.

ದ್ರಾವಿಡ್ ಮಾಡಿದ್ದೇನು?

ಏರ್ಪಾಡು ತಪ್ಪುವುದು ಹಳ್ಳಿಯ ಕೂಟಗಳಲ್ಲಿ ಮಾತ್ರವಲ್ಲ. ನಮ್ಮ ರಾಜ್ಯದ ಹೆಸರಾಂತ ಆಟಗಾರರ ಬದುಕಿನಲ್ಲೂ ಆಗಿದೆ.

2001ರ ಮಾರ್ಚ್, ಕೋಲ್ಕತ್ತದ ಈಡನ್ ಗಾರ್ಡನ್ಸ್. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾ 445 ರನ್ ಹೊಡೆದಿತ್ತು. ಭಾರತ 171ಕ್ಕೆ ಮುಗಿದು, 274 ರನ್ ಹಿಂದೆ ಬಿದ್ದು ಫಾಲೋ ಆನ್ ಪಡೆಯಿತು. ಆಗ ತಂಡ ಬ್ಯಾಟಿಂಗ್ ಕ್ರಮವನ್ನೇ ತಿರುವುಮುರುವು ಮಾಡಿತು. ಮೊದಲ ಇನಿಂಗ್ಸ್‌ನಲ್ಲಿ ಆರನೆಯವರಾಗಿ ಆಡಿ 59 ರನ್ ಗಳಿಸಿದ್ದ ವಿ.ವಿ.ಎಸ್. ಲಕ್ಷ್ಮಣ್ ಮೂರನೇ ಕ್ರಮಾಂಕಕ್ಕೆ ಬಂದರು. ಮೂರನೇ ಕ್ರಮಾಂಕದ ಖಾಯಂ ಆಟಗಾರ, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಆರನೆಯದಕ್ಕೆ ಇಳಿದರು.

ತನ್ನ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರೆ ಯಾರಿಗಾದರೂ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ಆದರೆ ಮುಂದೆ ನಡೆದದ್ದು ನೋಡಿ. ಇಬ್ಬರೂ ಸೇರಿ ಐದನೇ ವಿಕೆಟ್ಟಿಗೆ 376 ರನ್ ಸೇರಿಸಿದರು. ನಾಲ್ಕನೇ ದಿನ ಇಡೀ ದಿನ ಆಡಿದರೂ ಒಂದು ವಿಕೆಟ್ ಬೀಳಲಿಲ್ಲ. ಲಕ್ಷ್ಮಣ್ 281, ದ್ರಾವಿಡ್ 180. ಭಾರತ 171 ರನ್‌ಗಳಿಂದ ಗೆದ್ದಿತು. ದ್ರಾವಿಡ್ ಅವರ ಕ್ರಮಾಂಕ ಬದಲಾಗಿತ್ತು. ನೇರ ಬ್ಯಾಟು, ತಾಳ್ಮೆ, ಚೆಂಡಿನ ಮೇಲಿನ ಕಣ್ಣು ಬದಲಾಗಿರಲಿಲ್ಲ.

ಇನ್ನೊಂದು ಉದಾಹರಣೆಯೂ ಅವರದೇ. 2002ರಿಂದ ಸುಮಾರು ಎರಡು ವರ್ಷ ಒಂದು ದಿನದ ಪಂದ್ಯಗಳಲ್ಲಿ ತಂಡಕ್ಕೆ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚು ಬೇಕೆಂದು ದ್ರಾವಿಡ್ ಅವರೇ ವಿಕೆಟ್ ಕೀಪರ್ ಆದರು. ಕೀಪರ್ ಕೆಲಸವೆಂದರೆ 50 ಓವರಿನಲ್ಲಿ 300 ಸಲ ಕುಕ್ಕರುಗಾಲಲ್ಲಿ ಕೂತು ಏಳುವುದು. ಅದಾದ ಮೇಲೆ ಬ್ಯಾಟಿಂಗೂ ಮಾಡಬೇಕು. ಎಳೆಯ ವಯಸ್ಸಿನಲ್ಲಿ ಕೀಪಿಂಗ್ ಮಾಡಿದ್ದ ಅನುಭವ ಅವರಿಗಿತ್ತು. 2003ರ ವಿಶ್ವಕಪ್ಪಿನಲ್ಲಿ ಭಾರತ ಫೈನಲ್ ತಲುಪಿದಾಗ ವಿಕೆಟ್ ಹಿಂದೆ ಇದ್ದವರು ಅವರೇ. ಮಕ್ಕಳೇ, ಎಳವೆಯಲ್ಲಿ ಕಲಿತದ್ದು ಯಾವುದೂ ವ್ಯರ್ಥವಲ್ಲ. ಓಟಗಾರ ಸ್ವಲ್ಪ ಉದ್ದಜಿಗಿತವನ್ನೂ ಕಲಿತಿರಲಿ, ಕಬಡ್ಡಿ ಆಡುವವನು ಖೋ ಖೋ ಆಟವನ್ನೂ ಆಡಲಿ.

ಮೈ ಬದಲಾದಾಗ, ಕ್ಯಾಲೆಂಡರ್ ಬದಲಾದಾಗ

ಕೆಲವೊಮ್ಮೆ ಬದಲಾಗುವುದು ಮೈದಾನವಲ್ಲ, ನಮ್ಮ ಮೈಯೇ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರಿಗೆ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ಕೋವಿಡ್ ಬಂದಿತ್ತು. ಅದರಿಂದ ಚೆಂಡನ್ನು ದೂರ ಹೊಡೆಯುವ ಶಕ್ತಿ ಕುಗ್ಗಿತು. ಗಾಲ್ಫ್‌ನಲ್ಲಿ ಮೊದಲ ಹೊಡೆತ ದೂರ ಹೋಗದಿದ್ದರೆ ಮುಂದಿನ ಕೆಲಸ ಕಷ್ಟ. ಆದರೆ ಗುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ನಿಧಾನವಾಗಿ ಗುಳಿಗೆ ಸೇರಿಸುವ ಕೆಲಸವೂ ಅಷ್ಟೇ ಮುಖ್ಯ. ಅದಕ್ಕೆ ತೋಳ್ಬಲಕ್ಕಿಂತ ಲೆಕ್ಕ, ಶಾಂತಿ ಬೇಕು. ಅದಿತಿ ಆ ಬಲವನ್ನು ನೆಚ್ಚಿಕೊಂಡು ಆಡಿದರು. ನಾಲ್ಕು ದಿನದಲ್ಲಿ 67, 66, 68, 68 ಹೊಡೆತ. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ವಿಶ್ವ ಕ್ರಮಾಂಕದಲ್ಲಿ ಆಗ ಸುಮಾರು 200ನೆಯ ಸ್ಥಾನದಲ್ಲಿದ್ದ ಆಟಗಾರ್ತಿ ಅವರು! ಕಳೆದುಹೋದ ಶಕ್ತಿಯನ್ನು ನೆನೆದು ಕೂರದೆ ಉಳಿದ ಶಕ್ತಿಯನ್ನು ಎಣಿಸಿಕೊಂಡದ್ದು ಅಲ್ಲಿಯ ಗುಟ್ಟು.

ಇನ್ನು ಕ್ಯಾಲೆಂಡರ್. ಆ ಟೋಕಿಯೊ ಒಲಿಂಪಿಕ್ಸ್ ನಡೆಯಬೇಕಾಗಿದ್ದುದು 2020ರ ಜುಲೈನಲ್ಲಿ. ಸಾಂಕ್ರಾಮಿಕದಿಂದ ಒಂದು ವರ್ಷ ಮುಂದಕ್ಕೆ ಹೋಯಿತು. ನಮ್ಮ ದೇಶದಲ್ಲಿ ಈಜುಕೊಳಗಳು ತಿಂಗಳುಗಟ್ಟಲೆ ಮುಚ್ಚಿದವು. ಓಟಗಾರ ಅಂಗಳದಲ್ಲಾದರೂ ಓಡಬಹುದು, ಈಜುಗಾರ ಏನು ಮಾಡಬೇಕು? ಬೆಂಗಳೂರಿನ ಶ್ರೀಹರಿ ನಟರಾಜ್ ಮೊದಲಾದವರು ಅಭ್ಯಾಸಕ್ಕಾಗಿ ದುಬೈಗೆ ಹೋಗಬೇಕಾಯಿತು. ಕೊನೆಗೆ 2021ರ ಜೂನ್‌ನಲ್ಲಿ ರೋಮ್ ನಗರದಲ್ಲಿ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ದೂರವನ್ನು 53.77 ಸೆಕೆಂಡಿನಲ್ಲಿ ಈಜಿ, 53.85ರ ನೇರ ಅರ್ಹತಾ ಸಮಯವನ್ನು ದಾಟಿದರು. ಅಂತರ ಒಂದು ಸೆಕೆಂಡಿನ ನೂರನೇ ಎಂಟು ಭಾಗ. ನೀರಿಲ್ಲದ ತಿಂಗಳುಗಳಲ್ಲಿ ಕೈಬಿಟ್ಟು ಕೂತಿದ್ದರೆ ಆ ಎಂಟು ಭಾಗ ಸಿಗುತ್ತಿತ್ತೇ?

ಶರೀರ ಶಾಸ್ತ್ರ ಏನು ಹೇಳುತ್ತದೆ?

ಮನಸ್ಸು ಒಂದು ಕ್ಷಣದಲ್ಲಿ ಹೊಂದಿಕೊಳ್ಳಬಹುದು, ಮೈ ಹಾಗಲ್ಲ. ಆದ್ದರಿಂದ ಯಾವುದನ್ನು ತಕ್ಷಣ ಬದಲಿಸಬಹುದು, ಯಾವುದಕ್ಕೆ ದಿನ ಬೇಕು ಎಂಬುದು ತಿಳಿದಿರಬೇಕು.

ಸ್ಪರ್ಧೆಯ ಹೊತ್ತು ಮುಂದೆ ಹಿಂದೆ ಆದರೆ ಹೆದರಬೇಕಾಗಿಲ್ಲ. ಆದರೆ ಬಿಸಿ ಮಾಡಿಕೊಂಡ ಮಾಂಸಖಂಡ ಸುಮ್ಮನೆ ಕೂತರೆ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಮತ್ತೆ ತಣ್ಣಗಾಗುತ್ತದೆ. ಓಟ ತಡವಾದರೆ ಸ್ವೆಟರ್ ಹಾಕಿಕೊಂಡು ಕೂತು, ಕರೆ ಬರುವ ಹತ್ತು ನಿಮಿಷ ಮುಂಚೆ ಇನ್ನೊಮ್ಮೆ ಮೆಲ್ಲಗೆ ಓಡಿ. ಓಟ ಬೇಗ ಬಂದರೆ ಬಿಸಿ ಮಾಡಿಕೊಳ್ಳುವ ಕ್ರಮವನ್ನು ಚಿಕ್ಕದು ಮಾಡಿ, ಬಿಡಬೇಡಿ.

ಬಿಸಿಲಿಗೆ ಒಗ್ಗಿಕೊಳ್ಳಲು ಮಾತ್ರ 10ರಿಂದ 14 ದಿನ ಬೇಕು. ಅಷ್ಟು ದಿನದಲ್ಲಿ ರಕ್ತದ ದ್ರವ ಹೆಚ್ಚುತ್ತದೆ, ಬೆವರು ಬೇಗ ಬರಲು ಕಲಿಯುತ್ತದೆ. ಮೋಡದ ದಿನಗಳಲ್ಲಿ ಅಭ್ಯಾಸ ಮಾಡಿ ಒಮ್ಮೆಗೇ ಮಟಮಟ ಮಧ್ಯಾಹ್ನ ಓಡಬೇಕಾಗಿ ಬಂದರೆ ಮೊದಲರ್ಧ ವೇಗ ತಗ್ಗಿಸುವುದೇ ಜಾಣತನ.

ಅಭ್ಯಾಸ ನಿಂತರೆ ಎರಡು ಮೂರು ವಾರದಲ್ಲಿ ದಮ್ಮು ಕಡಿಮೆಯಾಗತೊಡಗುತ್ತದೆ. ಕಲಿತ ಚಲನೆಯ ನೆನಪು ಅಷ್ಟು ಬೇಗ ಅಳಿಯುವುದಿಲ್ಲ. ವರ್ಷಗಳ ನಂತರವೂ ಸೈಕಲ್ ತುಳಿಯಲು ಬರುವುದಿಲ್ಲವೇ? ಆದ್ದರಿಂದ ಪರೀಕ್ಷೆ, ಮಳೆ, ಜ್ವರ ಎಂದು ಬಿಟ್ಟುಹೋದ ಅಭ್ಯಾಸಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ.

ಒಂದು ಎಚ್ಚರಿಕೆ. ಹೊಂದಿಕೊಳ್ಳುವುದು ಎಂದರೆ ಎಲ್ಲವನ್ನೂ ಸಹಿಸುವುದಲ್ಲ. ಕೀಲು ನೋವಿದ್ದರೆ, ತಲೆ ಸುತ್ತಿದರೆ, ಜ್ವರವಿದ್ದರೆ ಓಡಕೂಡದು. ಸ್ಪರ್ಧೆಯ ದಿನ ಹೊಸ ಬೂಟು, ಹೊಸ ತಿಂಡಿ ಬೇಡ. ಏರ್ಪಾಡು ತಪ್ಪಿದಾಗ ನಿಲ್ಲುವುದೇ ಸರಿಯಾದ ಹೆಜ್ಜೆಯಾಗಿರುವ ದಿನವೂ ಇರುತ್ತದೆ.

ಅಭ್ಯಾಸ ಮಾಡುವುದು ಹೇಗೆ?

ಆ ಘಟನೆಯ ನಂತರ ನಾನು ವಾರಕ್ಕೊಂದು ದಿನ ಹೇಳದೆ ಕೇಳದೆ ಏನಾದರೊಂದು ಬದಲಿಸತೊಡಗಿದೆ. ಒಂದು ವಾರ ಮೈದಾನವನ್ನು ತಿರುಗುಮುರುಗಾಗಿ ಓಡಿಸುವುದು. ಇನ್ನೊಂದು ವಾರ ಓಟವನ್ನು ಅರ್ಧ ಗಂಟೆ ತಡ ಮಾಡುವುದು. ಮತ್ತೊಂದು ವಾರ ರಿಲೇಯಲ್ಲಿ ನಾಲ್ಕು ಜನರ ಜಾಗ ಅದಲುಬದಲು ಮಾಡುವುದು. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಯೋಗದ ನಿಯಮ ಇಲ್ಲಿಯೂ ಅದೇ. ಮೊದಲು ಮಕ್ಕಳು ಗೊಣಗಿದರು. ಆಮೇಲೆ “ಇವತ್ತು ಏನ್ ಬದಲಾಯಿಸ್ತೀರಾ ಸಾರ್?” ಎಂದು ಅವರೇ ಕೇಳತೊಡಗಿದರು.

ಜೊತೆಗೆ ಮೂರು ಪ್ರಶ್ನೆ ಕಲಿಸಿದೆ. ಏನು ಬದಲಾಯಿತು? ಏನು ಹಾಗೇ ಇದೆ? ಈಗ ಮಾಡಬೇಕಾದ ಒಂದೇ ಒಂದು ಕೆಲಸ ಯಾವುದು? ಇದು ಪರೀಕ್ಷೆಯ ಕೋಣೆಗೂ ಸರಿ. ಮೊದಲನೇ ಪ್ರಶ್ನೆಯೇ ಗೊತ್ತಿಲ್ಲದ್ದು ಬಂದಾಗ ಓದಿದ ಉಳಿದ ಪಾಠ ಎಲ್ಲಿಗೂ ಓಡಿಹೋಗಿರುವುದಿಲ್ಲ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಏರ್ಪಾಡು ಕೆಟ್ಟಾಗ ಮಗು ಮೊದಲು ನೋಡುವುದು ನಮ್ಮ ಮುಖವನ್ನು. ನಾವು ಕೂಗಾಡಿದರೆ ಅದಕ್ಕೆ ಭಯ ಇಮ್ಮಡಿಯಾಗುತ್ತದೆ. ಅನ್ಯಾಯವಾಗಿದ್ದರೆ ಕೇಳೋಣ, ಆದರೆ ಓಟ ಮುಗಿದ ಮೇಲೆ ಕೇಳೋಣ. ಮೊದಲು ಮಗುವಿನ ಪಕ್ಕ ನಿಲ್ಲೋಣ. ನಾನು ಅಂದು ಮೇಜಿನ ಮುಂದೆ ನಿಂತಿದ್ದೆ, ನಿಲ್ಲಬೇಕಾಗಿದ್ದುದು ಗೇಟಿನ ಬಳಿ.

ಮರುವರ್ಷ 2023. ಮಳೆ ಕೈಕೊಟ್ಟಿತು. ಕೆಆರ್‌ಎಸ್ ಅಣೆಕಟ್ಟು 124.80 ಅಡಿ ತುಂಬಲೇ ಇಲ್ಲ. ಆ ಹುಡುಗಿಯ ಅಪ್ಪ ಹೇಳಿದಂತೆಯೇ ಗದ್ದೆಯಲ್ಲಿ ರಾಗಿ ಹಾಕಿದ. ಹೋಬಳಿ ಕ್ರೀಡಾಕೂಟದ ಮೈದಾನದಲ್ಲಿ ಕೆಸರಿನ ಬದಲು ದೂಳು. ಹುಡುಗಿ ಈಗ ಒಂಬತ್ತನೇ ತರಗತಿ. ಬೆಳಗ್ಗೆ ಹತ್ತಕ್ಕೆ ಇದ್ದ ಓಟ ಒಂದು ಗಂಟೆಯಾದರೂ ಆಗಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅವಳು ಹೊಂಗೆ ಮರದ ನೆರಳಿನಲ್ಲಿ ಕಾಲು ಚಾಚಿ ಮಲಗಿದ್ದಳು. ನಡುವೆ ಎದ್ದು ಒಂದು ಬಾಳೆಹಣ್ಣು ತಿಂದಳು, ನೀರು ಕುಡಿದಳು. “ಕೂಗೋಕೆ ಹತ್ತು ನಿಮಿಷ ಮುಂಚೆ ಹೇಳಿ ಸಾರ್” ಎಂದಷ್ಟೇ ಹೇಳಿದಳು.

ಒಂದೂವರೆಯ ಬಿಸಿಲಿನಲ್ಲಿ ಓಡಿದಳು. ಮೊದಲರ್ಧ ನಿಧಾನವಾಗಿ ಓಡಿ, ಕೊನೆಯ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಮೂರನೆಯವಳಾಗಿ ಬಂದಳು. ತಾಲ್ಲೂಕಿಗೆ ಹೋಗಲು ಅದು ಸಾಲಲಿಲ್ಲ. ನನಗೆ ಬೇಸರವಾಗಿ ಏನೋ ಸಮಾಧಾನ ಹೇಳಲು ಹೋದೆ. ಅವಳು ಏದುಸಿರು ಬಿಡುತ್ತಲೇ ನಕ್ಕು, “ಓಡಿದ್ನಲ್ಲ ಸಾರ್” ಎಂದಳು.

ಜಾಮಿಟ್ರಿ ಬಾಕ್ಸಿನ ಆ ಹಾಳೆ ಈಗಲೂ ಇದೆಯೇ ಎಂದು ನಾನು ಕೇಳಲಿಲ್ಲ. ಅವಳಿಗೆ ಅದರ ಅಗತ್ಯ ಇರಲಿಲ್ಲ.